ಎಂಬತ್ತರ ಮುಳ್ಳು

ನರಗುಂದದ ಗೋಣೆಪ್ಪ ಸಾಹುಕಾರರ ಹತ್ತಿ ಜಿನ್ನಿನಲ್ಲಿ ಶಿರೋಳದ ಕಾಶೀಂಸಾಬ ಇಪ್ಪತ್ತು ವರ್ಷ ಬಾಯ್ಲರು ಕಾಯ್ದವನು. ಅದರ ಮೇಲಿನ ಉಗಿಯ ಒತ್ತಡ ತೋರಿಸುವ ಡಯಲು ಮಸಿ ಹಿಡಿದು ಕುರುಡಾಗಿ ಎಷ್ಟೋ ಕಾಲವಾಗಿತ್ತು. ಆದರೇನಂತೆ! ಉಗಿ ಎಷ್ಟು ಏರಿದೆ ಎಂಬುದು ಅವನಿಗೆ ಬಾಯ್ಲರಿನ ಸದ್ದಿನಿಂದಲೇ ತಿಳಿಯುತ್ತಿತ್ತು.

೧೯೫೪ರ ಸುಗ್ಗಿಗೆ ಸಾಹುಕಾರರು ಕುರ್ಚಿ ಬಿಟ್ಟೇಳದೆ ಉಗಿ ನೋಡುವ ಉಪಾಯ ಮಾಡಿದರು. ಬಾಯ್ಲರಿನಿಂದ ಆಫೀಸಿನ ಗೋಡೆಯವರೆಗೆ ತಾಮ್ರದ ಸಣ್ಣ ಕೊಳವೆ ಎಳೆಸಿ, ತುದಿಗೆ ಹೊಸ ಡಯಲು ಕೂಡಿಸಿದರು. ಡಯಲಿನ ಹೊಟ್ಟೆಯಲ್ಲಿ ಕುಡಗೋಲಿನಂತೆ ಬಾಗಿದ ಹಿತ್ತಾಳೆಯ ನಳಿಗೆ. ಒತ್ತಡ ಬಂದಷ್ಟೂ ಅದು ನೆಟ್ಟಗಾಗಲು ನೋಡುತ್ತದೆ, ಅದು ಸರಿದಂತೆ ಮುಳ್ಳೂ ಸರಿಯುತ್ತದೆ. ಮನೆದೇವರ ಮೇಲೂ ಸಾಹುಕಾರರಿಗೆ ಇಷ್ಟು ಭಕ್ತಿ ಇರಲಿಲ್ಲ ಬಿಡಿ.

ತಿಂಗಳೊಳಗೆ ಮುಳ್ಳು ಎಂಬತ್ತು ಪೌಂಡಿಗೆ ನಿಂತಿತು. ಬೆಂಕಿ ಕುಗ್ಗಿದರೂ ಎಂಬತ್ತು, ಏರಿದರೂ ಎಂಬತ್ತು. ನಮ್ಮ ಸವುಳು ನೀರಿನ ಸುಣ್ಣ ಕೊಳವೆಗೆ ಕಟ್ಟಿದೆ, ಎಂದೋ ಹೊಕ್ಕ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಎಂದು ಕಾಶೀಂಸಾಬ ಹೋಗಿ ಹೇಳಿದ. ಸಾಹುಕಾರರಿಗೆ ಅದು ಬರೀ ಹೊಟ್ಟೆಕಿಚ್ಚಾಗಿ ಕಂಡಿತು.

"ನೋಡಾಕ ಮುಳ್ಳೈತಿ. ಕಟಗಿ ಹಾಕಾಕ ಯಾರಾದರೂ ನಡೀತೈತಿ. ಸೋಮವಾರದಿಂದ ನೀ ಬರಬ್ಯಾಡ."

ಕಾಶೀಂಸಾಬನಿಗೆ ಅವತ್ತು ಊಟ ಸೇರಲಿಲ್ಲ. ಕೆಲಸ ಹೋಗುವ ಸಂಕಟ ಒಂದಾದರೆ, ಒಂದು ಮುಳ್ಳಿನ ಮುಂದೆ ತಾನು ಸುಳ್ಳನಾದೆನಲ್ಲ ಎಂಬ ಅವಮಾನ ಇನ್ನೊಂದು. ಆದರೂ ಬಾಯ್ಲರು ತೊಳೆಯುವ ದಿನ ಬಂದಿತ್ತು. ಹೊಲಸು ಬಿಟ್ಟು ಹೋಗುವ ಜಾತಿಯವನಲ್ಲ ಅವನು. ಗುರುವಾರವೇ ಬೆಂಕಿ ಆರಿಸಿ, ಶನಿವಾರ ಬೆಳಿಗ್ಗೆ ಉಳಿ ಹಿಡಿದು ಬಾಯ್ಲರಿನೊಳಗೇ ಇಳಿದ.

ಎರಡು ದಿನ ಗಜೇಂದ್ರಗಡದಲ್ಲಿದ್ದ ಸಾಹುಕಾರರು ಅವತ್ತೇ ಹುಬ್ಬಳ್ಳಿಯ ಇಬ್ಬರು ವ್ಯಾಪಾರಿಗಳೊಂದಿಗೆ ನೆಟ್ಟಗೆ ಆಫೀಸಿಗೆ ಬಂದರು. ಜಿನ್ನು ಯಾಕೆ ಸುಮ್ಮನಿದೆ ಎಂದು ಅವರಲ್ಲೊಬ್ಬ ಕೇಳಿದ. ಆಳುಗಳು ಊಟಕ್ಕೆ ಹೋಗಿರಬೇಕು, ಉಗಿಯೇನೋ ತಯಾರಿದೆ ಎಂದು ಸಾಹುಕಾರರು ಮುಳ್ಳು ತೋರಿಸಿದರು. ಎಂಬತ್ತು! ಅಷ್ಟಕ್ಕೇ ಬಿಡದೆ ಬಾಯ್ಲರನ್ನೂ ತೋರಿಸಲು ಕರೆದೊಯ್ದರು.

ಬಾಯ್ಲರಿನ ಕಂಡಿಯಿಂದ ಸುಣ್ಣ ಮೆತ್ತಿದ ತಲೆಯೊಂದು ಹೊರಗೆ ಬಂತು.

"ಕಾಶೀಂಸಾಬ, ಒಳಗ ಎಂಬತ್ತು ಪೌಂಡ್ ಉಗಿ ಐತಲ್ಲೋ?" ಸಾಹುಕಾರರು ಎರಡು ಹೆಜ್ಜೆ ಹಿಂದೆ ಸರಿದರು.

"ಮುಳ್ಳು ಹಂಗ ಹೇಳಿದ್ರ ಇರಬೇಕ್ರಿ," ಎಂದ ಕಾಶೀಂಸಾಬ. "ನಾ ನೋಡಿದಾಗ ಒಳಗ ನಾ ಒಬ್ಬನ ಇದ್ನಿರಿ."

ವ್ಯಾಪಾರಿಗಳು ಬಿದ್ದು ಬಿದ್ದು ನಕ್ಕರು. ಸೋಮವಾರ ಕಾಶೀಂಸಾಬನನ್ನು ಬೇಡವೆನ್ನಲು ಯಾರಿಗೂ ಬಾಯಿ ಬರಲಿಲ್ಲ. ಕೆಲಸ ಮಾತ್ರ ಒಂದು ಹೆಚ್ಚಾಯಿತು: ದಿನಾ ಕೊಳವೆ ಊದಿ ಸುಣ್ಣ ತೆಗೆಯುವುದು.

ಸಾಹುಕಾರರು ಈಗಲೂ ಬಂದವರಿಗೆಲ್ಲ ಡಯಲು ತೋರಿಸುತ್ತಾರೆ, ಇದು ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ. ಅದಕ್ಕೂ ಮೊದಲು ಒಮ್ಮೆ ಕಿಟಕಿಯಲ್ಲಿ ಬಗ್ಗಿ ಕೂಗುತ್ತಾರೆ.

"ಕಾಶೀಂಸಾಬ, ಎಷ್ಟೈತೋ?"