ನಾನು ಹೋಗದಿದ್ದ ನಡುಗಡ್ಡೆ

ಇದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಸ್ಟಾಫ್ ರೂಮಿನಲ್ಲಿ ದೆವ್ವ, ಶಕುನ, ನಿಜವಾದ ಕನಸುಗಳ ಮಾತು ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದವಳು ನಾನು. ಈಗಲೂ ಅಂಥದ್ದೆಲ್ಲ ಇದೆ ಎಂದು ಸಾಧಿಸಲು ಬರೆಯುತ್ತಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ನಿಮಗೇನನ್ನಿಸುತ್ತದೋ ನೋಡಿ.

ನಾನು ಇಂಡಿ ಪಟ್ಟಣದ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತೇನೆ. ನನ್ನ ಗಂಡ ನಿಂಬೆಹಣ್ಣಿನ ವ್ಯಾಪಾರಿಯಾಗಿದ್ದರು. ಬೆಳಗಾಗುವ ಮೊದಲೇ ತೋಟಗಳಿಗೆ ಹೋದರೆ ಲಾರಿ ತುಂಬಿಸಿ ಕಳಿಸಿಯೇ ಮನೆಗೆ ಬರುತ್ತಿದ್ದರು. ನಮಗೆ ಮಕ್ಕಳಿಲ್ಲ. ಇಬ್ಬರೂ ಸಮುದ್ರ ನೋಡಿರಲಿಲ್ಲ. ಅಂಡಮಾನಿಗೆ ಹೋಗೋಣ ಎಂದು ಮೊದಲು ಹೇಳಿದ್ದು ಅವರೇ. ಆದರೆ ಬೇಸಿಗೆಯಲ್ಲಿ ನನಗೆ ರಜೆ ಬಂದರೆ ಅವರಿಗೆ ಆಗಲೇ ಸೀಜನ್. "ಇದೊಂದು ಸೀಜನ್ ಮುಗೀಲಿ ತಡಿ" ಎನ್ನುತ್ತಿದ್ದರು. ಅಂಥದೇ ಒಂದು ಬೇಸಿಗೆಯಲ್ಲಿ ಮಾರ್ಕೆಟ್ಟಿನಲ್ಲಿ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಯಾರದಾದರೂ ದನಿ ಇರಲಿ ಎಂದು ನಡುಮನೆಯಲ್ಲಿ ಟಿವಿ ಹಚ್ಚಿಟ್ಟು ಒಳಗೆ ಕೆಲಸ ಮಾಡುತ್ತಿದ್ದೆ. ಏನು ಹಾಡುತ್ತಿತ್ತೋ ಏನು ಹೇಳುತ್ತಿತ್ತೋ ಒಂದೂ ಗೊತ್ತಿಲ್ಲ.

ಮೂರನೆಯ ವರ್ಷ, ದಸರಾ ರಜೆಗೆ ಸ್ವಲ್ಪ ಮೊದಲು, ಬಸವನ ಬಾಗೇವಾಡಿಯಿಂದ ತಂಗಿ ಮಹಾನಂದಾ ಬಂದಳು. "ಅಕ್ಕಾ, ಎಷ್ಟ್ ದಿನಾ ಹಿಂಗ ಗ್ವಾಡಿ ನೋಡ್ಕೋತ ಕೂಡ್ತಿ? ಅಂಡಮಾನಕ್ಕ ಹೋಗಿ ಬಾ. ಹೋದ್ರ ಚಲೋ ರಿಸಾರ್ಟಿಗೇ ಹೋಗು. ಬಾಗಲಾ ತಗದ್ರ ಸಮುದ್ರ ಇರಬೇಕು" ಎಂದಳು.

ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಒಂದು ರಿಸಾರ್ಟಿನಲ್ಲಿ ಪ್ರತಿ ಕೋಣೆಗೂ ಒಂದೊಂದು ಈಜುಕೊಳವಿತ್ತು. "ಮುಂದ ಸಮುದ್ರ ಇಟಗೊಂಡು ಹಿಂದ ಹೊಂಡ ಯಾತಕ್ಕ?" ಎಂದು ತಂಗಿ ನಕ್ಕಳು. ಇನ್ನೊಂದರಲ್ಲಿ ಜೋಡಿಗಳಿಗೆಂದು ಹಾಸಿಗೆಯ ಮೇಲೆ ಗುಲಾಬಿ ಪಕಳೆಗಳನ್ನು ಹರವಿದ್ದರು. ಆ ಪುಟವನ್ನು ನಾನೇ ಬೇಗ ಸರಿಸಿದೆ. ಮತ್ತೊಂದು ಹಿಡಿಸಿತು. ಮರದ ಕಾಟೇಜುಗಳು, ಬಾಗಿಲಿನಿಂದ ನೇರ ಮರಳಿಗೆ ಇಳಿಯುವ ಮೆಟ್ಟಿಲು, ಮಲಗಿದಲ್ಲಿಂದಲೇ ಕಾಣುವ ನೀರು. ಒಬ್ಬಳೇ ಹೆಂಗಸು ಬಂದರೆ ನಡೆಯುತ್ತದೋ, ಸಸ್ಯಾಹಾರ ಸಿಗುತ್ತದೋ ಕೇಳೋಣವೆಂದು ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

ಎತ್ತಿದ ಹುಡುಗಿ ಹಿಂದಿಯಲ್ಲಿ ಮಾತಾಡಿದಳು. ನಾನು ಹೆಸರು, ಊರು ಹೇಳುತ್ತಲೇ ಕನ್ನಡಕ್ಕೆ ತಿರುಗಿದಳು. "ಅಯ್ಯೋ, ಇಂಡಿ ಮೇಡಂ! ನಾನು ಕಾರವಾರದ ಸ್ಮಿತಾ, ಮರೆತುಬಿಟ್ರಾ? ಅದೇ ಕೊನೆಯ ಕಾಟೇಜು ಇಡ್ಲಾ?"

"ಬ್ಯಾರೆ ಯಾರೋ ಇರಬೇಕ್ ನೋಡವಾ. ನಾ ಆ ಕಡೆ ಬಂದೇ ಇಲ್ಲ" ಎಂದೆ.

"ಹೋದ ವರ್ಷ ಮಳೆ ಮುಗಿದ ಮೇಲೆ ಬಂದಿದ್ರಲ್ಲ ಮೇಡಂ! ಸರ್ ಊಟಕ್ಕೆ ಕೂತ್ರೆ ಸಾಕು, ನಿಂಬೆಹಣ್ಣನ್ನ ಉಗುರಲ್ಲಿ ಕೆರೆದು ಮೂಸಿ ನೋಡಿ, 'ಇದು ನಮ್ಮ ಕಾಯಿ ಅಲ್ಲ ಬಿಡ್ರಿ' ಅಂತಿದ್ರು. ನಾವೆಲ್ಲ ನಗ್ತಿದ್ವಿ. ಈ ಸಲ ಸರ್ ಬರಲ್ವಾ?"

ತಂಗಿ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡಳು. ಹಾಗೆ ಕೆರೆದು ಮೂಸುವುದು ಅವರ ರೂಢಿಯಾಗಿತ್ತು, ಮದುವೆ ಊಟದಲ್ಲೂ ಬಿಡುತ್ತಿರಲಿಲ್ಲ. ಆದರೆ ಹೋದ ವರ್ಷ ಮಳೆ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡು ವರ್ಷ ದಾಟಿತ್ತು.

"ಅವರು ಬರೂದಿಲ್ಲ" ಎಂದಷ್ಟೇ ಹೇಳಿದೆ.

"ಹೌದಲ್ಲ, ಮುಂದಿನ ಸಲ ನಾನೊಬ್ಬಳೇ ಬರೋದು ಅಂತ ನೀವೇ ಹೇಳಿದ್ರಿ" ಎಂದಳು ಹುಡುಗಿ.

ಫೋನ್ ಇಟ್ಟ ಮೇಲೆ ತಂಗಿ ಲ್ಯಾಪ್‌ಟಾಪ್ ಮುಚ್ಚಿದಳು. "ಅಕ್ಕಾ, ಆ ಜಾಗಾ ಬ್ಯಾಡ. ಬ್ಯಾರೇದು ನೋಡೂಣು." ನನಗೂ ಹೆದರಿಕೆಯಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವರು ಹೋದಂದಿನಿಂದ ಎಲ್ಲರೂ ಅವರ ಹೆಸರನ್ನು ದನಿ ತಗ್ಗಿಸಿಯೇ ಎತ್ತುತ್ತಿದ್ದರು. ಈ ಹುಡುಗಿ, ಅವರು ಈಗಷ್ಟೇ ಊಟ ಮುಗಿಸಿ ಕೈ ತೊಳೆಯಲು ಎದ್ದಿದ್ದಾರೆ ಎಂಬಂತೆ ಮಾತಾಡಿದ್ದಳು. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅದೇ ರಿಸಾರ್ಟಿಗೆ ಬುಕ್ ಮಾಡಿದೆ.

ದಸರಾ ರಜೆಯಲ್ಲಿ ಒಬ್ಬಳೇ ಅಲ್ಲಿಗೆ ಹೋದೆ. ಸ್ಮಿತಾ ನನ್ನನ್ನು ಕಂಡ ಕೂಡಲೇ ಓಡಿ ಬಂದು ಬ್ಯಾಗು ಇಸಿದುಕೊಂಡಳು. "ಸ್ವಲ್ಪ ಇಳಿದುಹೋಗಿದ್ದೀರಿ ಮೇಡಂ" ಎಂದಳು. ಕಂಪ್ಯೂಟರಿನಲ್ಲಿ ಹಳೆಯ ಬುಕಿಂಗ್ ನೋಡಲು ಹೇಳಿದೆ. ನನ್ನ ಹೆಸರು ಸಿಗಲಿಲ್ಲ. "ಯಾರ ಹೆಸರಲ್ಲಿ ಮಾಡಿದ್ರೋ ಏನೋ. ಆದ್ರೆ ನೀವೇ" ಎಂದಳು. ಉಳಿದ ಕೆಲಸದವರೆಲ್ಲ ಹೊಸಬರು. ನನ್ನ ಮೊಬೈಲಿನಲ್ಲಿ ಗಂಡನ ಫೋಟೋ ಇತ್ತು. ತೋರಿಸಬೇಕೆಂದು ಎಷ್ಟೋ ಸಲ ಕೈಗೆತ್ತಿಕೊಂಡೆ, ತೋರಿಸಲಿಲ್ಲ. ಇವರಲ್ಲ ಎಂದುಬಿಟ್ಟರೆ? ಇವರೇ ಎಂದರೆ? ಎರಡನ್ನೂ ಕೇಳುವ ಧೈರ್ಯ ನನಗಿರಲಿಲ್ಲ.

ನಮ್ಮ ಕಡೆಯ ಬೇರೆ ಯಾರೋ ನಿಂಬೆ ವ್ಯಾಪಾರಿ, ನನ್ನಂತೆಯೇ ಕಾಣುವ ಹೆಂಡತಿಯ ಜೊತೆ ಹೋಗಿದ್ದಿರಬಹುದು ಎಂದು ತಂಗಿ ಈಗ ಹೇಳುತ್ತಾಳೆ. ಇರಬಹುದು. ಆದರೆ ಯಾವ ಹೆಂಗಸು ಗಂಡನನ್ನು ಪಕ್ಕದಲ್ಲಿಟ್ಟುಕೊಂಡು ಮುಂದಿನ ಸಲ ಒಬ್ಬಳೇ ಬರುತ್ತೇನೆ ಎನ್ನುತ್ತಾಳೆ?

ಹೊರಡುವ ಹಿಂದಿನ ಸಂಜೆ ನಾನು ಮೆಟ್ಟಿಲ ಮೇಲೆ ಕೂತಿದ್ದಾಗ ಸ್ಮಿತಾ ಚಹಾ ತಂದಳು. ಕೊನೆಗೂ ಕೇಳಿದೆ: "ಆವಾಗ ನಾವಿಬ್ಬರೂ ಇಲ್ಲಿ ಏನ್ ಮಾಡತಿದ್ವಿ?"

ಇದೆಂಥ ಪ್ರಶ್ನೆ ಎಂಬಂತೆ ನಕ್ಕಳು. "ಇಲ್ಲೇ ಕೂತಿರ್ತಿದ್ರಿ. ಸರ್ ಒಂದೇ ಸಮ ಮಾತಾಡ್ತಿದ್ರು. ನೀವು ಸುಮ್ನೆ ನೀರು ನೋಡ್ತಿದ್ರಿ."

ಅವಳು ಹೋದ ಮೇಲೆ ಕತ್ತಲಾಗುವವರೆಗೂ ಅಲ್ಲೇ ಕೂತೆ. ಭಯವಾಗಲಿಲ್ಲ. ಅವರು ಪಕ್ಕದಲ್ಲಿ ಕೂತು ಅಷ್ಟು ಮಾತಾಡುತ್ತಿದ್ದರೂ ನೀರನ್ನೇ ನೋಡುತ್ತಿದ್ದ ಆ ಹೆಂಗಸಿನ ಮೇಲೆ ಸಿಟ್ಟು ಬಂತು. ಒಂದು ಮಾತಿಗಾದರೂ ಓಗೊಡಬಾರದಿತ್ತೇ ಅವಳು?