ಆಷಾಢದ ಬಳೆ ಸದ್ದು

ಬಸವೇಶ್ವರನಗರದ ತಿಮ್ಮಯ್ಯ ಮನೆಯಲ್ಲಿ ಡ್ರಮ್ಸ್ ಬಾರಿಸುವಂತಿಲ್ಲ. ತಾಯಿ ಅಣ್ಣಮ್ಮನಿಗೆ ತಲೆನೋವು ಬರುತ್ತದೆ. ಹಾಗಾಗಿ ಊಟದ ತಟ್ಟೆಯ ಅಂಚಿನ ಮೇಲೋ, ಬಸ್ಸಿನ ಕಂಬಿಯ ಮೇಲೋ ಅವನ ಬೆರಳುಗಳು ತಮ್ಮ ಪಾಡಿಗೆ ತಾಳ ಹಾಕುತ್ತಿರುತ್ತವೆ. ಫ್ಯಾಕ್ಟರಿಯಲ್ಲಿ ಫಿಟ್ಟರ್ ಆಗಿ ಜೀವ ತೇಯ್ದ ಮನುಷ್ಯ. ಆದರೆ ಕೇಳಿದವರಿಗೆ ‘ಡಬಲ್ ಬೆಲ್ ಬ್ಯಾಂಡಿನ ಡ್ರಮ್ಮರ್’ ಎಂದೇ ಹೇಳಿಕೊಳ್ಳುತ್ತಾನೆ. ಕೇಳದವರಿಗೂ ಹೇಳುತ್ತಾನೆ ಅನ್ನಿ.

ಡಬಲ್ ಬೆಲ್ ಅಂದರೆ ರಾಜಾಜಿನಗರದ ನಾಲ್ವರು ಗೆಳೆಯರ ರಾಕ್ ಬ್ಯಾಂಡ್. ಈಗಲೂ ಗಣೇಶನ ಪೆಂಡಾಲು ಸಿಕ್ಕರೆ ಬಿಡುವುದಿಲ್ಲ. ಯಾವ ರೆಕಾರ್ಡ್ ಕಂಪನಿಯೂ ಹತ್ತಿರ ಸೇರಿಸದಿದ್ದಾಗ, ಎಪ್ಪತ್ತೊಂಬತ್ತರಲ್ಲಿ ತಾವೇ ಒಂದು ಎಲ್‌ಪಿ ತಂದರು. ಆಷಾಢದಲ್ಲಿ ಮದುವೆಗಳಿಲ್ಲ, ಛತ್ರಗಳೆಲ್ಲ ಖಾಲಿ. ವಿಜಯನಗರದ ಒಂದು ಛತ್ರವೇ ಅವರ ಸ್ಟುಡಿಯೋ ಆಯಿತು.

ತಿಮ್ಮಯ್ಯನಿಗೆ ಆಗಷ್ಟೇ ಮದುವೆಯಾಗಿತ್ತು. ಹೆಂಡತಿ ಪುಟ್ಟಲಕ್ಷ್ಮಿಯನ್ನು ಆಷಾಢಕ್ಕೆಂದು ಕೆಂಗೇರಿಯ ತವರಿಗೆ ಕಳಿಸಿದ್ದರು. ಹೊಸ ಜೋಡಿ ಆ ತಿಂಗಳು ಸೇರಬಾರದು. ಸೇರಿ ಬಸುರಾದರೆ ಚೈತ್ರದ ಉರಿಬಿಸಿಲಲ್ಲಿ ಹೆರಿಗೆಯಾಗುತ್ತದೆ ಅನ್ನುವುದು ಹಿರಿಯರ ಭಯ. ಈ ವಿಷಯದಲ್ಲಿ ಅಣ್ಣಮ್ಮ ಬಲು ಬಿಗಿ. ಮಗ ಕೆಂಗೇರಿ ಬಸ್ಸಿನ ಕಡೆ ತಿರುಗಿ ನೋಡಿದರೂ ಗದರುತ್ತಿದ್ದಳು.

ಅವನು ಹೋಗಲಿಲ್ಲ. ಅವಳೇ ಬಂದಳು.

ಆ ಮಧ್ಯಾಹ್ನವನ್ನು ತಿಮ್ಮಯ್ಯ ಎಷ್ಟು ಸಲ ನೆನೆದಿದ್ದಾನೋ. ಖಾಲಿ ಛತ್ರದಲ್ಲಿ ಅರಿಸಿನ, ತುಪ್ಪದ ಹಳೇ ವಾಸನೆ. ಗವಾಕ್ಷಿಯಿಂದ ಇಳಿದ ಮೋಡದ ಬೆಳಕು. ಉಳಿದ ಮೂವರೂ ಮುಂದೆ ಮೈಕಿನ ಕಡೆ ಮುಖ ಮಾಡಿ ನಿಂತಿದ್ದರು. ಇವನ ಬೆನ್ನ ಹಿಂದೆ, ಪರದೆಯ ಆಚೆ, ಸುತ್ತಿಟ್ಟ ಜಮಖಾನೆಗಳ ಮೇಲೆ ಪುಟ್ಟಲಕ್ಷ್ಮಿ ಉಸಿರು ಬಿಗಿಹಿಡಿದು ಕೂತಿದ್ದಳು. ನಿಧಾನದ ಹಾಡು ಶುರುವಾಯಿತು. ಅವನು ತಾಳ ಹಿಡಿದ, ಅವಳ ಕೈ ತಾನಾಗಿ ಜೊತೆಗೂಡಿತು. ಹಸಿರು ಗಾಜಿನ ಬಳೆಗಳು ಘಲ್ ಎಂದವು, ಮತ್ತೆ ಘಲ್ ಎಂದವು. ಅವನು ತಿರುಗಲಿಲ್ಲ, ನಿಲ್ಲಿಸಲೂ ಇಲ್ಲ. ಅಂಥ ಸುಖ ಆಮೇಲೆ ಬದುಕಿನಲ್ಲಿ ಅವನಿಗೆ ಸಿಕ್ಕಿಲ್ಲ.

ಅದೇನು ಸದ್ದು ಎಂದು ಗೆಳೆಯರು ಕೇಳಿದಾಗ ಕಾಲಿಗೆ ಗೆಜ್ಜೆ ಕಟ್ಟಿದ್ದೆ ಅಂದುಬಿಟ್ಟ. ಅವರ ಬಾಯಿಗೆ ಬಿದ್ದ ಮಾತು ಸಂಜೆಯೊಳಗೆ ಅಮ್ಮನ ಕಿವಿ ಮುಟ್ಟುತ್ತಿತ್ತು. ಪ್ರತಿ ಆಷಾಢಕ್ಕೂ ಆ ಹಾಡು ಹಾಕಿ ಹಾಕಿ ರೆಕಾರ್ಡು ಸವೆದು ಈಗ ಬರೀ ಗರಗರ, ಬಳೆ ಕೇಳಿಸುವುದೇ ಇಲ್ಲ.

ಆದ್ದರಿಂದಲೇ ಎರಡು ಸಾವಿರದ ಎಂಟರಲ್ಲಿ ಯಶ್ವಂತ್ ಎಂಬ ಹುಡುಗ ಆ ಆಲ್ಬಮ್ಮನ್ನು ಮತ್ತೆ ಎಲ್‌ಪಿಯಾಗಿ ತರುತ್ತೇನೆಂದಾಗ ತಿಮ್ಮಯ್ಯನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಛತ್ರದಲ್ಲಿ ರೆಕಾರ್ಡ್ ಮಾಡಿದ ಹಳೆಯ ಟೇಪು ಹೇಗೋ ಉಳಿದಿತ್ತು. ಯಶ್ವಂತ್ ಲ್ಯಾಪ್‌ಟಾಪ್ ಹಿಡಿದು ಮನೆಗೇ ಬಂದ. ಹಾಡು ಹಾಕಿದ. ಸ್ವಚ್ಛವಾಗಿತ್ತು. ಬಳೆ ಇರಲಿಲ್ಲ.

“ಹಿಂದೆ ಏನೋ ಗಲಾಟೆ ಇತ್ತು ಸಾರ್. ತೆಗೆದುಬಿಟ್ಟೆ.”

“ತೆಗೀಬೇಡಪ್ಪ! ಅದು ಇರ್ಲಿ.”

“ಇರ್ಲಿ ಅಂದ್ರೆ ಕವರ್ ಮೇಲೆ ಹಾಕ್ಬೇಕು ಸಾರ್. ಏನದು? ನುಡಿಸಿದ್ದು ಯಾರು?”

ಮತ್ತೆ ಗೆಜ್ಜೆ ಅನ್ನಬಹುದಿತ್ತು. ಆಗ ಕವರಿನ ಮೇಲೆ ಅವಳ ಜಾಗದಲ್ಲಿ ತನ್ನ ಹೆಸರು ಬೀಳುತ್ತದೆ. ಪಕ್ಕದಲ್ಲೇ ಅಣ್ಣಮ್ಮ ಸೊಪ್ಪು ಬಿಡಿಸುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ಪುಟ್ಟಲಕ್ಷ್ಮಿ ಬೇಡ ಬೇಡ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ಮೊಮ್ಮಕ್ಕಳನ್ನು ಕಂಡ ಹೆಂಗಸು, ಅತ್ತೆಯ ಮುಂದೆ ಇನ್ನೂ ಹೊಸ ಸೊಸೆಯೇ.

“ಬಳೆ,” ಎಂದ ತಿಮ್ಮಯ್ಯ. “ನುಡಿಸಿದ್ದು ನಮ್ಮ ಮನೆಯವಳು. ಆಷಾಢದಲ್ಲಿ, ಅಮ್ಮಂಗೆ ಗೊತ್ತಿಲ್ದಂಗೆ ಬಂದಿದ್ಲು.”

ಅಣ್ಣಮ್ಮನ ಕೈ ನಿಂತಿತು. “ನೀನು ಹುಟ್ಟಿದ್ದು ಯಾವಾಗ ಹೇಳೋ?”

“ಯುಗಾದಿ ಆದ್ಮೇಲೆ ಅಲ್ವೇನಮ್ಮ?”

“ಹೂಂ. ಚೈತ್ರ, ಚೊಚ್ಚಲು. ಅದರ ಹಿಂದಿನ ಆಷಾಢಕ್ಕೆ ನಾನೂ ತವರಲ್ಲಿದ್ದೆ. ಮಳೇಲಿ ನೆಂದ್ಕೊಂಡು ಸೈಕಲ್ ತುಳ್ಕೊಂಡು ಬಂದ್ರು ನಿಮ್ಮಪ್ಪ. ವಾಪಸ್ ಕಳ್ಸಕ್ಕೆ ನಂಗೆ ಮನಸ್ಸಾಗ್ಲಿಲ್ಲ ಕಣೋ.” ಸೊಪ್ಪಿನ ದಂಟು ಮುರಿದಳು. “ಆ ಬಿಸ್ಲಲ್ಲಿ ಹೆತ್ತು ಸತ್ತು ಬದುಕ್ದೆ. ಅದಕ್ಕೇ ಇವಳಿಗೆ ಆ ಪಾಡು ಬೇಡ ಅಂತ ಬಿಗಿ ಮಾಡಿದ್ದು.”

ತಾನು ಹುಟ್ಟಿದ್ದೂ ಒಂದು ಕದ್ದ ಆಷಾಢದಿಂದ ಎಂದು ಆ ವಯಸ್ಸಿನಲ್ಲಿ ತಿಮ್ಮಯ್ಯನಿಗೆ ತಿಳಿಯಿತು.

“ಅವಳ ಹೆಸ್ರು ಬರ್ಕೊಳಪ್ಪ,” ಎಂದಳು ಅಣ್ಣಮ್ಮ ಯಶ್ವಂತನಿಗೆ.

ಹೊಸ ರೆಕಾರ್ಡು ಮುಂದಿನ ಆಷಾಢಕ್ಕೆ ಬಂತು. ಕವರಿನ ಹಿಂದೆ, ಡ್ರಮ್ಸ್ ತಿಮ್ಮಯ್ಯ ಎಂಬುದರ ಕೆಳಗೇ, ‘ಬಳೆ: ಪುಟ್ಟಲಕ್ಷ್ಮಿ’ ಎಂದಿತ್ತು. ಹೊರಗೆ ಜಿಟಿಜಿಟಿ ಮಳೆ. ಅಮ್ಮನ ತಲೆನೋವಿಗೆ ಹೆದರಿ ತಿಮ್ಮಯ್ಯ ಸಣ್ಣಗೆ ಹಾಕಿದ. ಪುಟ್ಟಲಕ್ಷ್ಮಿ ಗೋಡೆಗೊರಗಿ ಕೂತಳು. ಘಲ್, ಘಲ್.

ಅಣ್ಣಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ತೆರೆಯದೆಯೇ ಹೇಳಿದಳು: “ಸೌಂಡು ಜಾಸ್ತಿ ಮಾಡೋ.”