ಗೀರು ಬೀಳದ ಗಾರ್ಡು

ಗೆಳೆಯರೇ, ಕಪಾಟಿನ ಹಲಗೆಗಳ ಅಂಚನ್ನು ಓರೆಯಾಗಿ ಕೊಯ್ಯಿಸಲು ಇವತ್ತು ತಿಕೋಟಾದ ಬಡಿಗೇರ ಮಲ್ಲಪ್ಪನ ಅಂಗಡಿಗೆ ಹೋಗಿದ್ದೆ. ಗರಗಸದ ಮಷೀನಿನ ಬ್ಲೇಡು ಬರಿಮೈಯಲ್ಲಿ ತಿರುಗುತ್ತಿತ್ತು. ಕೈ ತಾಗದಂತೆ ಅದರ ಮೇಲೆ ಕೂರಬೇಕಾದ ಗಾರ್ಡು, ಬಂದಾಗಿನ ಪ್ಲಾಸ್ಟಿಕ್ ಚೀಲದಲ್ಲೇ ಗೋಡೆಯ ಮೊಳೆಗೆ ತೂಗುತ್ತಿತ್ತು.

"ಏನಪಾ ಮಲ್ಲಪ್ಪ, ಅದನ್ನ ಯಾಕ ಹಾಕಿಲ್ಲ?" ಎಂದೆ.

"ಹೊಸಾದೈತ್ರಿ. ಹಾಕಿದ್ರ ಗೀರ ಬೀಳ್ತಾವ. ಮುಂದ ಮಷೀನ್ ಮಾರಿದ್ರ ಚಲೋ ರೇಟ್ ಬರಬೇಕಲ್ರಿ."

"ನಿನ್ನ ಬೆರಳಿಗೆ ಏನಾರ ಆದ್ರ?"

"ಅವು ಹಳೇವ ಅದಾವ, ಬಿಡ್ರಿ."

ಹಾಗಾದರೆ ನನ್ನ ಹಲಗೆ ವಾಪಸ್ ಕೊಡು ಎಂದೆ. ಗೊಣಗುತ್ತ ಗಾರ್ಡು ಕೂರಿಸಿದ. ಕೊಯ್ದು ಮುಗಿದದ್ದೇ ತಡ, ತನ್ನ ಕಣ್ಣಿಗೆ ಬಿದ್ದ ಮರದ ಪುಡಿಯನ್ನೂ ಒರೆಸಿಕೊಳ್ಳದೆ ಅದನ್ನು ಬಿಚ್ಚಿದ, ಅಂಗಿಯ ತುದಿಯಿಂದ ಮೃದುವಾಗಿ ಒರೆಸಿದ, ಮತ್ತೆ ಚೀಲಕ್ಕೆ ಹಾಕಿ ಗಂಟು ಬಿಗಿದ. ನನ್ನ ಹಿಂದೆ ಹೊನವಾಡದವರೊಬ್ಬರು ಹಲಗೆ ಹಿಡಿದು ನಿಂತಿದ್ದರು. ಅವರ ಪಾಳಿಗೆ ಬ್ಲೇಡು ಮತ್ತೆ ಬರಿಮೈಯಲ್ಲಿ ತಿರುಗಿತು.

ಮಷೀನು ಮಾರುವ ದಿನ ಆ ಗಂಟು ಬಿಚ್ಚುವುದಕ್ಕಾದರೂ ಮಲ್ಲಪ್ಪನ ಕೈಯಲ್ಲಿ ಬೆರಳು ಉಳಿದಿರಲಿ.